ಹಿಂಬರಹ ಬರೆದುಕೊಡಿ

ಮುಳಬಾಗಿಲು
೮ ಜನವರಿ ೨೦೨೪

ಅತ್ತಿಗೆಗೆ ಪವಿತ್ರಳ ನಮಸ್ಕಾರ.

ಕಾಗದ ನೋಡಿ ಆಶ್ಚರ್ಯ ಆಗಬಹುದು. ನಾಲ್ಕು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಮೂರು ವರ್ಷದಿಂದ ಎತ್ತದವರು ಈಗ ಎತ್ತುತ್ತಾರಾ ಅಂತ ನಮ್ಮ ಮನೆಯವರೂ ಅಂದರು. ಅದಕ್ಕೇ ಬರೀತಿದ್ದೀನಿ.

ಶಿವಾನಿ ಈಗ ಏಳನೇ ಕ್ಲಾಸಿರಬೇಕು, ಶ್ರುತಿ ಎರಡನೇದು. ನಾನು ಅದೇ ಆಡಿಟರ್ ಆಫೀಸಿನಲ್ಲಿದ್ದೀನಿ, ಜನರ ಟ್ಯಾಕ್ಸ್ ರಿಟರ್ನ್ಸ್ ತುಂಬೋ ಕೆಲಸ. ಟೇಕಲ್‌ನಲ್ಲಿ ಅಮ್ಮನಿಗೆ ಮಂಡಿನೋವು ಜಾಸ್ತಿಯಾಗಿದೆ. ಸ್ಟೇಷನ್ನಿನ ಮೆಟ್ಟಿಲು ಹತ್ತೋಕಾಗಲ್ಲ ಅಂತ ಎಲ್ಲಿಗೂ ಹೊರಡಲ್ಲ.

ವಿಷಯ ಇಷ್ಟೇ. ಮಕ್ಕಳ ಈ ವರ್ಷದ ಸ್ಕೂಲ್ ಫೀಸಿನ ರಸೀದಿ ಬೇಕಾಗಿತ್ತು. ಅಣ್ಣನ ಫ್ಯಾಕ್ಟ್ರಿಯಲ್ಲಿ ಈ ತಿಂಗಳೊಳಗೆ ಕೊಡಬೇಕಂತೆ. ಇಬ್ಬರು ಮಕ್ಕಳ ಫೀಸು ತೋರಿಸಿದರೆ ಅಷ್ಟನ್ನು ಅವನ ಆದಾಯದಲ್ಲಿ ಕಳೆದು ಉಳಿದದ್ದಕ್ಕೆ ಮಾತ್ರ ಟ್ಯಾಕ್ಸ್ ಹಿಡೀತಾರೆ. ಮಕ್ಕಳಿರೋವರಿಗೆ ಸರ್ಕಾರ ಕೊಡೋ ಅನುಕೂಲ ಇದು. ಒರಿಜಿನಲ್ ಬೇಡ, ಜೆರಾಕ್ಸ್ ಸಾಕು. ಕೆಳಗೆ ನನ್ನ ವಿಳಾಸ ಇದೆ.

ಅಣ್ಣ ತಾನೇ ಕೇಳೋಕೆ ಸಂಕೋಚ ಪಟ್ಟ. ಮಕ್ಕಳಿಗೆ ಅತ್ತೆಯ ಆಶೀರ್ವಾದ ತಿಳಿಸಿ.

ಇಂತಿ,
ಪವಿತ್ರ


ಕ್ಯಾಲನೂರು
೧೭ ಜನವರಿ ೨೦೨೪

ಪವಿತ್ರ,

ಅತ್ತಿಗೆ ಅಂತೆ, ನೀವು ಅಂತೆ! ಕೋಲಾರದ ಕಾಲೇಜಿನಲ್ಲಿ ಎರಡು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು. ನನ್ನ ಡಬ್ಬಿಯ ಚಿತ್ರಾನ್ನ ನೀನು ತಿಂತಿದ್ದೆ, ನಿನ್ನ ಡಬ್ಬಿಯ ಗೊಜ್ಜು ನಾನು ನೆಕ್ತಿದ್ದೆ. ಒಬ್ಬರಿಗೊಬ್ಬರು 'ಲೇ' ಬಿಟ್ಟರೆ ಬೇರೆ ಹೆಸರೇ ಇರಲಿಲ್ಲ. ನಿಮ್ಮಣ್ಣನಿಗೆ ನನ್ನನ್ನು ತೋರಿಸಿ, 'ನಮ್ಮ ಮನೆಗೆ ಬಾರೇ' ಅಂದವಳೂ ನೀನೇ. ಕೆಲಸ ಬಿದ್ದಾಗ ಬಹುವಚನ ಬಂತು ನೋಡು.

ಈಗ ನಾನೊಂದು ವಿಷಯ ಹೇಳ್ತೀನಿ, ಕೇಳು.

ಹೋದ ವರ್ಷ ಗೃಹಲಕ್ಷ್ಮಿಗೆ ಅರ್ಜಿ ಹಾಕಿದೆ. ಮನೆ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ. ರೇಷನ್ ಕಾರ್ಡಿನಲ್ಲಿ ಯಜಮಾನಿ ನಾನೇ. ನಮ್ಮ ಬೀದಿಯಲ್ಲಿ ಎಲ್ಲರಿಗೂ ಬಂತು, ನನಗೆ ಬರಲಿಲ್ಲ. ಡೇರಿಯಲ್ಲಿ ಬೆಳಗಿನ ಹಾಲು ಅಳೆದು ಮುಗಿಸಿ ಕೋಲಾರದ ಆಫೀಸಿಗೆ ಹೋದೆ. ಕಿಟಕಿಯಲ್ಲಿದ್ದ ಹುಡುಗಿ ಕಂಪ್ಯೂಟರ್ ನೋಡಿ, "ಅಮ್ಮಾ, ನಿಮ್ಮ ಯಜಮಾನ್ರು ಟ್ಯಾಕ್ಸ್ ಕಟ್ತಾರೆ. ಗಂಡ ಹೆಂಡತಿ ಇಬ್ಬರಲ್ಲಿ ಯಾರು ಕಟ್ಟಿದರೂ ಈ ದುಡ್ಡು ಬರಲ್ಲ" ಅಂದಳು.

"ಯಜಮಾನಿ ಯಾರು ಅಂತ ಕೇಳಿದ್ರಿ, ನಾನು ಅಂದೆ. ಈಗ ಯಜಮಾನ್ರನ್ನ ಕೇಳ್ತೀರಲ್ಲ" ಅಂದೆ. ಅವಳಿಗೆ ನಗು ಬಂತು, ಪಾಪ.

ಆಮೇಲೆ ನಾನೇನು ಮಾಡಿದೆ ಗೊತ್ತಾ? ನಿಮ್ಮಣ್ಣನ ಪರವಾಗಿ ಅರ್ಧ ಗಂಟೆ ವಾದ ಮಾಡಿದೆ! "ಇಲ್ಲ ಕಣಮ್ಮ, ನಿಮ್ಮ ಕಂಪ್ಯೂಟರ್ ತಪ್ಪು. ಅವರಿಗೆ ಪರ್ಮನೆಂಟ್ ಕೆಲಸ ಹೋಗಿದೆ, ಕಾಂಟ್ರಾಕ್ಟಿನಲ್ಲಿ ಹನ್ನೆರಡು ಸಾವಿರ ಬಂದರೆ ಹೆಚ್ಚು. ಹನ್ನೆರಡು ಸಾವಿರದವನು ಎಲ್ಲಿಯ ಟ್ಯಾಕ್ಸು" ಅಂತ. ನನ್ನ ಹಿಂದೆ ಸಾಲಿನಲ್ಲಿದ್ದವರು ಬೈದರು. ಆದರೂ ಬಿಡಲಿಲ್ಲ, ಬಿಟ್ಟುಹೋದ ಗಂಡನ ಬಡತನಕ್ಕೆ ನಾನೇ ಜಾಮೀನು ನಿಂತೆ.

ಯಾಕೆ ಅಂದರೆ ನಾನು ನಂಬಿದ್ದೆ. ೨೦೨೧ರಲ್ಲಿ ನಿಮ್ಮ ಟೇಕಲ್ ಮನೆ ಜಗುಲಿ ಮೇಲೆ ಊರ ಹಿರಿಯರು ಅಂತ ಸೊಣ್ಣಪ್ಪನವರನ್ನು ಕೂರಿಸಿ ನ್ಯಾಯ ಮಾಡಿಸಿದಿರಿ. ನಿಮ್ಮಣ್ಣ ಮಾಲೂರಿನಲ್ಲಿ ಬೇರೆ ಮನೆ ಮಾಡಿ ಆಗಲೇ ವರ್ಷ ಆಗಿತ್ತು. ಆ ಮನೆಯಲ್ಲಿ ಯಾರಿದ್ದರು ಅಂತ ನಾನೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ನಿಮ್ಮಣ್ಣ ತಲೆ ಬಗ್ಗಿಸಿ, "ಕೊರೋನಾ ಆದಮೇಲೆ ಕೆಲಸ ಹೋಯ್ತು, ಹನ್ನೆರಡು ಸಾವಿರ ಬರ್ತದೆ" ಅಂದರು. ಸೊಣ್ಣಪ್ಪನವರು ತಿಂಗಳಿಗೆ ಮೂರು ಸಾವಿರ ಕೊಡು ಅಂದರು. ನಾಲ್ಕು ತಿಂಗಳು ಬಂತು, ನಿಂತಿತು. ಇಲ್ಲದವರ ಹತ್ತಿರ ಏನು ಕೇಳೋದು ಅಂತ ನಾನೂ ಸುಮ್ಮನಾದೆ. ಎರಡು ಹಸು ಕಟ್ಟಿದೆ, ಡೇರಿ ಕೆಲಸ ಹಿಡಿದೆ, ಮಕ್ಕಳನ್ನು ಓದಿಸಿದೆ.

ಅವತ್ತು ನೀನೂ ಆ ಜಗುಲಿಯಲ್ಲಿ ಕಂಬಕ್ಕೆ ಒರಗಿ ಕೂತಿದ್ದೆ.

ಈಗ ನಿನ್ನ ಕಾಗದ ಬಂತು. ನಿಮ್ಮಣ್ಣನ ಟ್ಯಾಕ್ಸ್ ಉಳಿಸೋಕೆ ನಾನು ಕಟ್ಟಿದ ಫೀಸಿನ ರಸೀದಿ ಬೇಕು ಅಂತ. ಹಾಗಾದರೆ ಕಂಪ್ಯೂಟರ್ ಸರಿಯಾಗೇ ಹೇಳಿತ್ತು. ತಪ್ಪು ನಾನು ಹೇಳಿದ್ದೆ. ಅದೇ ಮಕ್ಕಳ ಹೆಸರಲ್ಲಿ ಅಪ್ಪನಿಗೆ ಅನುಕೂಲ, ಅದೇ ಅಪ್ಪನ ಹೆಸರಲ್ಲಿ ಮಕ್ಕಳ ಅಮ್ಮನಿಗೆ ಇಲ್ಲ!

ರಸೀದಿ ಕೊಡಲ್ಲ. ಜೆರಾಕ್ಸೂ ಕೊಡಲ್ಲ. ನಾಳೆ ಆಫೀಸಿಗೆ ಹೋಗಿ, ಬಾಯಲ್ಲಿ ಹೇಳಿದ್ದನ್ನು ಕಾಗದದ ಮೇಲೆ ಬರೆದುಕೊಡಿ ಅಂತೀನಿ.

ವಾಣಿಶ್ರೀ


ಮುಳಬಾಗಿಲು
೨೯ ಜನವರಿ ೨೦೨೪

ವಾಣಿ,

ನಿಯಮ ನಾನು ಮಾಡಿದ್ದಲ್ಲ. ರಸೀದಿ ಕೊಡಬೇಡ, ಆಯಿತು. ಸಿಗಲಿಲ್ಲ ಅಂತ ಅಣ್ಣನಿಗೆ ಹೇಳಿದ್ದೀನಿ.

ಒಂದೇ ಒಂದು ಕೇಳ್ಕೋತೀನಿ. ನನ್ನ ಹಿಂದಿನ ಕಾಗದ ಹರಿದುಹಾಕು. ಆತುರದಲ್ಲಿ ಏನೇನೋ ಬರೆದೆ.

ಇದರ ಜೊತೆ ಎರಡು ಸಾವಿರ ಇಟ್ಟಿದ್ದೀನಿ. ತಿಂಗಳು ತಿಂಗಳು ಕಳಿಸ್ತೀನಿ. ಸರ್ಕಾರ ಕೊಡದಿದ್ದರೆ ಬೇಡ, ನಾನು ಕೊಡ್ತೀನಿ. ನಮ್ಮ ಮನೆಯವರಿಗೂ ಹೇಳಿಲ್ಲ, ನೀನೂ ಯಾರಿಗೂ ಹೇಳಬೇಡ. ಮಕ್ಕಳಿಗೆ ಅತ್ತೆ ಕೊಟ್ಟಳು ಅಂದುಕೋ.

ಪವಿತ್ರ


ಕ್ಯಾಲನೂರು
೧೨ ಫೆಬ್ರವರಿ ೨೦೨೪

ಪವಿತ್ರ,

ನಿನ್ನ ನಾಲ್ಕು ನೋಟು ಇದರೊಳಗೇ ಇವೆ, ಎಣಿಸಿಕೋ. ನಾನು ಅರ್ಜಿ ಹಾಕಿದ್ದು ನಿನಗಲ್ಲ.

ಹರಿದುಹಾಕು ಅಂದೆಯಲ್ಲ, ಆ ಕಾಗದ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದೀನಿ. ಇನ್ನು ಮೇಲೆ ನಮ್ಮ ಮಾತೆಲ್ಲ ಹೀಗೇ ಆಗಲಿ, ಫೋನ್ ಬೇಡ. ಜಗುಲಿಯಲ್ಲಿ ಆಡಿದ ಮಾತಿಗೆ ಏನು ಗತಿ ಆಯಿತು ಅಂತ ನೋಡಿದ್ದೀನಿ.

ಆಫೀಸಿಗೆ ಮೂರು ಸಲ ಹೋದೆ. ಮೂರನೇ ಸಲ ಒಳಗೆ ಕರೆದರು. ಸಾಹೇಬರು ಕನ್ನಡಕ ತೆಗೆದು, "ಏನಮ್ಮ ನಿಮ್ಮ ತೊಂದರೆ?" ಅಂದರು.

"ನನ್ನ ಅರ್ಜಿಗೆ ಹಿಂಬರಹ ಬರೆದುಕೊಡಿ ಸಾರ್. ಯಾಕೆ ಕೊಡಲ್ಲ ಅಂತ, ಸಹಿ, ಸೀಲು ಹಾಕಿ."

"ಇಲ್ಲ ಅಂತ ಬರೆಸಿಕೊಂಡು ಏನಮ್ಮ ಮಾಡ್ತೀರಿ? ಇಲ್ಲಿಗೆ ಬರೋರೆಲ್ಲ ಕೊಡಿ ಅಂತ ಬರ್ತಾರೆ. ಇಲ್ಲ ಅನ್ನಿ ಅಂತ ಬಂದಿರೋದು ನೀವೊಬ್ಬರೇ."

"ಕೊಡೋದು ನಿಮ್ಮ ಕೈಲಿಲ್ಲ. ಬರೆಯೋದು ಇದೆಯಲ್ಲ" ಅಂದೆ.

ಒಳ್ಳೆಯವರು, ಬರೆಸಿಕೊಟ್ಟರು. 'ಅರ್ಜಿದಾರರ ಪತಿಯು ಆದಾಯ ತೆರಿಗೆ ಪಾವತಿದಾರರಾಗಿರುವುದರಿಂದ ಮಾರ್ಗಸೂಚಿಯಂತೆ ಅರ್ಜಿಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ.' ಬಸ್ಸಿನಲ್ಲಿ ಕೂತು ಐದಾರು ಸಲ ಓದಿದೆ. ಕಂಡಕ್ಟರ್ ಎರಡು ಸಲ ಆಧಾರ್ ಕಾರ್ಡ್ ಕೇಳಿದ. ನನಗೆ ನಗು ಬರ್ತಿತ್ತು ಕಣೇ. ಸರ್ಕಾರ ನನಗೆ ದುಡ್ಡು ಕೊಡಲಿಲ್ಲ. ಆದರೆ ನನ್ನ ಗಂಡನಿಗೆ ದುಡಿಮೆ ಇದೆ ಅಂತ ಸೀಲು ಹೊಡೆದು ಕೊಟ್ಟಿತು.

ಮಾರನೇ ದಿನವೇ ಕೋರ್ಟಿನ ಹತ್ತಿರ ಹೆಂಗಸರಿಗೆ ಪುಕ್ಕಟೆ ವಕೀಲರನ್ನು ಕೊಡೋ ಕಡೆ ಹೋದೆ. ಅಲ್ಲಿ ಸಿಕ್ಕಿದ ವಕೀಲಮ್ಮ ವಯಸ್ಸಿನಲ್ಲಿ ನಮಗಿಂತ ಚಿಕ್ಕವರು. ಹಿಂಬರಹ ಓದಿ, "ಇದನ್ನ ಲ್ಯಾಮಿನೇಷನ್ ಮಾಡಿಸಬೇಡಿ, ಕೋರ್ಟಿಗೆ ಒರಿಜಿನಲ್ಲೇ ಬೇಕು" ಅಂದರು. ಜೀವನಾಂಶಕ್ಕೆ ಕೇಸು ಹಾಕ್ತಿದ್ದೀವಿ.

ಒಂದು ಪ್ರಶ್ನೆ. ಎರಡು ಸಾವಿರ ಸಣ್ಣದಲ್ಲ, ನಿನ್ನ ಸಂಬಳವೂ ನನಗೆ ಗೊತ್ತು. ಗಂಡನಿಗೂ ಹೇಳದೆ ಯಾಕೆ ಕಳಿಸಿದೆ? ಪ್ರೀತಿಗೋ, ಭಯಕ್ಕೋ? ನಿಮ್ಮಣ್ಣ ಯಾವ ವರ್ಷದಿಂದ ಟ್ಯಾಕ್ಸ್ ಕಟ್ತಿದ್ದಾರೆ ಅಂತ ಬಲ್ಲವಳು ನೀನೇ ಅಲ್ಲವಾ?

ವಾಣಿಶ್ರೀ


ಮಾಲೂರು
೨೨ ಮಾರ್ಚ್ ೨೦೨೪

ವಾಣಿಶ್ರೀಗೆ,

ಸಮನ್ಸ್ ಬಂತು. ಮನೆಗೆ ಕಳಿಸಬಹುದಾಗಿತ್ತು, ಫ್ಯಾಕ್ಟ್ರಿಗೇ ಕಳಿಸಿದ್ದೀಯ. ಗೇಟಿನಲ್ಲಿ ಸೆಕ್ಯೂರಿಟಿಯವನು ಎಲ್ಲರ ಮುಂದೆ ಕೂಗಿ ಕರೆದ. ನಿನ್ನ ಆಸೆ ತೀರಿತಾ?

ಪವಿತ್ರ ಎಲ್ಲ ಹೇಳಿದಳು. ನಿನ್ನ ಕಷ್ಟ ಗೃಹಲಕ್ಷ್ಮಿ ದುಡ್ಡು ಬರಲಿಲ್ಲ ಅಂತ ತಾನೇ? ಅದಕ್ಕೆ ಕೋರ್ಟು ಯಾಕೆ? ನಾನೇ ಒಂದು ದಾರಿ ಹೇಳ್ತೀನಿ. ಇಬ್ಬರೂ ಒಪ್ಪಿ ವಿಚ್ಛೇದನ ತಗೊಳ್ಳೋಣ. ಜೀವನಾಂಶ ಏನೂ ಬೇಡ ಅಂತ ಸಹಿ ಹಾಕು. ಆಮೇಲೆ ನಾನು ನಿನ್ನ ಗಂಡನೇ ಅಲ್ಲ, ನನ್ನ ಟ್ಯಾಕ್ಸು ನಿನಗೆ ಅಡ್ಡ ಬರಲ್ಲ. ನಿನಗೆ ಸರ್ಕಾರದಿಂದ ತಿಂಗಳು ತಿಂಗಳು ಎರಡು ಸಾವಿರ ಬರುತ್ತೆ. ಬಸ್ಸು ಹೇಗೂ ಫ್ರೀ. ಇಬ್ಬರಿಗೂ ನೆಮ್ಮದಿ.

ನಾನು ಕೆಟ್ಟವನಲ್ಲ. ಮಕ್ಕಳ ಫೋಟೋ ಇವತ್ತಿಗೂ ನನ್ನ ಲಾಕರಿನಲ್ಲಿದೆ. ಹಟ ಮಾಡಬೇಡ. ಯೋಚನೆ ಮಾಡು.

ಚಂದ್ರಮೋಹನ್


ಕ್ಯಾಲನೂರು
೨೭ ಮಾರ್ಚ್ ೨೦೨೪

ಚಂದ್ರಮೋಹನ್ ಅವರಿಗೆ,

ಕಾಗದ ತಲುಪಿತು. ವಕೀಲಮ್ಮನಿಗೆ ಕೊಟ್ಟಿದ್ದೀನಿ. "ಇಂಥವು ಇನ್ನೂ ಬರೀಲಿ" ಅಂದರು.

ಸಮನ್ಸ್ ಮನೆಗೆ ಕಳಿಸೋಣ ಅಂದರೆ ನಿಮ್ಮ ಮನೆ ವಿಳಾಸ ನನಗೆ ಯಾರು ಕೊಟ್ಟಿದ್ದಾರೆ?

ನಿಮ್ಮ ಉಪಾಯ ಚೆನ್ನಾಗಿದೆ. ನಿಮ್ಮ ಹೆಗಲಿನ ನೊಗ ಬಿಚ್ಚಿ ಸರ್ಕಾರದ ಹೆಗಲಿಗೆ ಹಾಕೋದು. ವಿಚ್ಛೇದನ ಬೇಕಿದ್ದರೆ ತಗೊಳ್ಳಿ, ನನಗೇನೂ ಭಾರವಿಲ್ಲ. ಆದರೆ ಆ ಎರಡು ಸಾವಿರಕ್ಕೆ ಬದಲಾಗಿ ಜೀವನಾಂಶ ಬಿಟ್ಟುಕೊಡಲ್ಲ. ಹೆಂಡತಿಗೆ ಮಾಜಿ ಗಂಡ ಅಂತ ಇರಬಹುದು. ಮಕ್ಕಳಿಗೆ ಮಾಜಿ ಅಪ್ಪ ಅಂತ ಇಲ್ಲ.

ಲಾಕರಿನ ಫೋಟೋ ಯಾವ ವರ್ಷದ್ದು? ಶಿವಾನಿ ಈಗ ನನ್ನ ಭುಜಕ್ಕೆ ಬಂದಿದ್ದಾಳೆ. ಶ್ರುತಿಗೆ ಮುಂದಿನ ಎರಡು ಹಲ್ಲು ಬಿದ್ದು ಹೊಸವು ಹುಟ್ಟಿವೆ.

ಸರ್ಕಾರದ್ದು ಸರ್ಕಾರವನ್ನೇ ಕೇಳ್ತೀನಿ. ನಿಮ್ಮದು ನಿಮ್ಮನ್ನ ಕೇಳ್ತೀನಿ. ಒಂದರ ಹೆಸರು ಹೇಳಿ ಇನ್ನೊಂದನ್ನ ಬಿಡಲ್ಲ.

ಇಂತಿ,
ವಾಣಿಶ್ರೀ
ಮನೆ ಯಜಮಾನಿ


ಮುಳಬಾಗಿಲು
೯ ಜುಲೈ ೨೦೨೪

ವಾಣಿ,

ಐದು ತಿಂಗಳಾಯಿತು. ನೀನು ಕೇಳಿದ ಪ್ರಶ್ನೆಗೆ ಉತ್ತರ ಬರೆದು ಎಷ್ಟು ಸಲ ಹರಿದಿದ್ದೀನೋ. ಇದನ್ನ ಬರೆದ ತಕ್ಷಣ ಪೋಸ್ಟಿಗೆ ಹಾಕ್ತೀನಿ, ಓದಿ ನೋಡಲ್ಲ.

ಭಯಕ್ಕೇ ಕಳಿಸಿದೆ.

೨೦೧೯ರಿಂದ ಅಣ್ಣನ ರಿಟರ್ನ್ಸ್ ನಾನೇ ತುಂಬ್ತಿದ್ದೀನಿ. ಅವನ ಪರ್ಮನೆಂಟ್ ಕೆಲಸ ಒಂದು ದಿನವೂ ಹೋಗಿರಲಿಲ್ಲ. ಜಗುಲಿಯಲ್ಲಿ ಹನ್ನೆರಡು ಸಾವಿರ ಅಂದಾಗ ಅವನ ಸಂಬಳ ಐವತ್ತರ ಮೇಲಿತ್ತು. ನಾನು ಬಾಯಿ ತೆರೆದೆ ವಾಣಿ, ನಿಜವಾಗಲೂ ತೆರೆದೆ. ಪಕ್ಕದಲ್ಲಿ ಕೂತಿದ್ದ ಅಮ್ಮ ನನ್ನ ಕೈ ಅದುಮಿ ಹಿಡಿದು "ಊರ್ಕೋವೆ" ಅಂದಳು. ಅಮ್ಮನಿಗೆ ಭಯ ಬಂದರೆ ತೆಲುಗೇ ಬರೋದು. ಸುಮ್ಮನಿರು ಅಂದಳು, ಸುಮ್ಮನಿದ್ದೆ. ಹಿಂದಿನ ವರ್ಷ ತಾನೇ ನಮ್ಮ ಮನೆಯವರು ಶಿವಶಂಕರ್ ಅವರ ಬೆನ್ನಿನ ಆಪರೇಷನ್ನಿಗೆ ಅಣ್ಣ ಒಂದೂವರೆ ಲಕ್ಷ ಕಟ್ಟಿದ್ದ. ಆ ಋಣ ನನ್ನ ನಾಲಿಗೆ ಮೇಲೆ ಕೂತಿತ್ತು. ಇದು ನೆಪ ಅಂತ ನೀನು ಅನ್ನಬಹುದು. ನೆಪವೇ.

ಇನ್ನೂ ಇದೆ. ಮೂರು ವರ್ಷ ಮಕ್ಕಳ ಫೀಸು ಅಂತ ಅವನ ರಿಟರ್ನ್ಸಿನಲ್ಲಿ ನಾನೇ ಟೈಪ್ ಮಾಡಿದ್ದೀನಿ. ರಸೀದಿ ಇರಲಿಲ್ಲ, ಅವನು ಬಾಯಿಗೆ ಬಂದಷ್ಟು ಹೇಳ್ತಿದ್ದ. ಮೊದಲನೇ ವರ್ಷ ಮೂವತ್ತೆಂಟು ಸಾವಿರ ಅಂದ. ಆ ವರ್ಷ ಶಿವಾನಿಯ ಫೀಸಿಗೆ ನೀನು ಓಲೆ ಅಡವಿಟ್ಟೆ ಅಂತ ಅಮ್ಮ ಹೇಳಿದ್ದಳು. ಅದು ಗೊತ್ತಿದ್ದೂ ಟೈಪ್ ಮಾಡಿದೆ. ಈ ಸಲ ಫ್ಯಾಕ್ಟ್ರಿಯವರು ರಸೀದಿ ಬೇಕೇ ಬೇಕು ಅಂದಿದ್ದಕ್ಕೆ ನಿನಗೆ ಬರೆದಿದ್ದು. ಟ್ಯಾಕ್ಸಿನ ವಿಷಯ ಆ ಕಾಗದದಲ್ಲಿ ಅಷ್ಟು ಬಿಡಿಸಿ ಬರೆಯಬೇಕಾಗಿರಲಿಲ್ಲ. ಸ್ಕಾಲರ್‌ಶಿಪ್ಪಿಗೆ ಅಂತ ಒಂದು ಸುಳ್ಳು ಹೇಳಬಹುದಿತ್ತು. ಕೈತಪ್ಪಿ ಬರೆದೆನೋ, ಬೇಕಂತಲೇ ಬರೆದೆನೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಹೋದ ವಾರ ಅಣ್ಣ ಬಂದಿದ್ದ. ರಸೀದಿ ಇಲ್ಲದಿದ್ದರೂ ರಿಟರ್ನ್ಸಿನಲ್ಲಿ ಫೀಸು ಸೇರಿಸು ಅಂದ. ಆಗಲ್ಲ ಅಂದೆ. "ಟೈಪ್ ಮಾಡೇ, ಯಾರು ನೋಡ್ತಾರೆ" ಅಂತ ನಕ್ಕ. ನಾನು ನೋಡ್ತೀನಿ ಅಂದೆ. ಕುರ್ಚಿ ತಳ್ಳಿ ಎದ್ದುಹೋದ.

ಕ್ಷಮಿಸು ಅಂತ ಬರೆಯೋಕೆ ನನಗೆ ಮುಖ ಇಲ್ಲ.

ಪವಿತ್ರ


ಕ್ಯಾಲನೂರು
೨೩ ಜುಲೈ ೨೦೨೪

ಪವಿತ್ರ,

ಒಂದು ಸಲ ಓದಿದವಳು ಹತ್ತು ದಿನ ನಿನ್ನ ಕಾಗದ ಮತ್ತೆ ಮುಟ್ಟಲಿಲ್ಲ. ಹಸುವಿಗೆ ಹುಲ್ಲು ಹಾಕುವಾಗೆಲ್ಲ ನಿನ್ನನ್ನು ಬೈದೆ. ಜೋರಾಗಿಯೇ ಬೈದೆ. ಅದು ಮೇಯೋದು ನಿಲ್ಲಿಸಿ ನನ್ನ ಮುಖ ನೋಡ್ತು.

ಅಡವಿಟ್ಟ ಓಲೆ ಬಿಡಿಸಿಕೊಳ್ಳೋಕೆ ಎರಡು ವರ್ಷ ಹಿಡೀತು. ಅಷ್ಟೇ ಹೇಳ್ತೀನಿ.

ಶಿವಾನಿ ಏನು ಮಾಡಿದಳು ಗೊತ್ತಾ? ಎಂಟನೇ ಕ್ಲಾಸಿಗೆ ಫಾರಂ ಕೊಟ್ಟಿದ್ದರು, ತಂದೆಯ ಉದ್ಯೋಗ ಬರೀರಿ ಅಂತ. ಇವಳು 'ಆದಾಯ ತೆರಿಗೆ ಪಾವತಿದಾರರು' ಅಂತ ಬರೆದಿದ್ದಾಳೆ! ಟೀಚರ್ ಕರೆಸಿದರು. ಇದೇನಮ್ಮ ಅಂದರು. "ನಮ್ಮ ಹತ್ತಿರ ಇರೋ ದಾಖಲೆ ಅದೊಂದೇ ಮಿಸ್" ಅಂದಳು ಹುಡುಗಿ. ಟೀಚರ್ ಅದನ್ನ ಹೊಡೆದುಹಾಕಲಿಲ್ಲ. ಮನೆಗೆ ಬರೋ ದಾರಿಯಲ್ಲಿ ನಾವಿಬ್ಬರೂ ನಕ್ಕೆವು. ಮನೆ ಬಾಗಿಲು ಹಾಕಿಕೊಂಡ ಮೇಲೆ ನಗಲಿಲ್ಲ.

ಕ್ಷಮೆಯ ಮಾತು ಈಗ ಬೇಡ. ನಿಮ್ಮಣ್ಣ ಕೋರ್ಟಿನಲ್ಲೂ ಅದೇ ಹನ್ನೆರಡು ಸಾವಿರ ಹಾಡ್ತಿದ್ದಾರೆ. ಹಿಂಬರಹ ತೋರಿಸಿದ್ದಕ್ಕೆ ಅವರ ವಕೀಲರು, "ಅದು ಯಾವಾಗಲೋ ಕಟ್ಟಿದ ಹಳೆ ಟ್ಯಾಕ್ಸು, ಈಗ ಏನೂ ಇಲ್ಲ" ಅಂದರು. ಸೊಣ್ಣಪ್ಪನವರ ಮುಂದೆ ಸುಮ್ಮನಿದ್ದವಳು ಜಡ್ಜ್ ಮುಂದೆ ಬಂದು ಮಾತಾಡು. ನನಗೆ ಬರೆದದ್ದನ್ನೇ ಅಲ್ಲಿ ಹೇಳು.

ಬರದಿದ್ದರೆ ಬೈಯಲ್ಲ, ಶಾಪ ಹಾಕಲ್ಲ. ನಿನಗೆ ಕಾಗದ ಬರೆಯೋದು ನಿಲ್ಲಿಸ್ತೀನಿ, ಅಷ್ಟೇ.

ವಾಣಿಶ್ರೀ


ಮುಳಬಾಗಿಲು
೫ ನವೆಂಬರ್ ೨೦೨೪

ವಾಣಿ,

ಹದಿನಾಲ್ಕನೇ ತಾರೀಖು ಕೋರ್ಟಿಗೆ ಬರ್ತಿದ್ದೀನಿ. ನಿಮ್ಮ ವಕೀಲಮ್ಮನಿಗೆ ತಿಳಿಸಿದ್ದೀನಿ.

ಆಡಿಟರ್ ಸಾರ್ ಒಂದು ಮಾತು ಹೇಳಿದರು. "ಗಿರಾಕಿಗಳ ಕಾಗದ ಆಫೀಸಿನಿಂದ ಹೊರಗೆ ಹೋಗಬಾರದು ಪವಿತ್ರ. ನಿನ್ನ ಬಾಯಿ ನಾನು ಕಟ್ಟಲ್ಲ. ಆದರೆ ಇಲ್ಲಿ ಕೂತುಕೊಂಡು ಅದನ್ನ ಮಾಡಬೇಡ." ನ್ಯಾಯವಾಗಿಯೇ ಇತ್ತು. ದೀಪಾವಳಿಗೆ ಮುಂಚೆಯೇ ಕೆಲಸ ಬಿಟ್ಟೆ. ಒಂದು ಹಾಳೆಯೂ ತಂದಿಲ್ಲ.

ಟೇಕಲ್‌ಗೆ ಹೋಗಿ ಅಮ್ಮನಿಗೂ ಹೇಳಿ ಬಂದೆ. ಅಮ್ಮ ಅಕ್ಕಿ ಆರಿಸ್ತಿದ್ದಳು, ತಲೆ ಎತ್ತಲಿಲ್ಲ. ಹೊರಡುವಾಗ ಯಾವತ್ತೂ ಕೊಡೋ ಕುಂಕುಮ ಕೊಡಲಿಲ್ಲ. ಶಿವಶಂಕರ್ ಮಾತ್ರ, "ನನ್ನ ಬೆನ್ನು ನೆಟ್ಟಗಾಗಿದ್ದು ಸಾಕು, ನಿನ್ನದೂ ಆಗಲಿ ಹೋಗು" ಅಂದರು.

ಪವಿತ್ರ


ಕ್ಯಾಲನೂರು
೨೦ ನವೆಂಬರ್ ೨೦೨೪

ಪವಿತ್ರ,

ಅವತ್ತು ನೀನು ಸಾಕ್ಷಿ ಹೇಳಿ ಕಟಕಟೆ ಇಳಿದವಳೇ ಹಿಂದೆ ತಿರುಗಿ ನೋಡದೆ ಬಸ್ ಸ್ಟ್ಯಾಂಡಿಗೆ ಹೊರಟುಹೋದೆ. ಕಾರಿಡಾರಿನಲ್ಲಿ ನಾನು ಕೂಗಿದೆ, ನಿನಗೆ ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ.

ಅಲ್ಲಿ ನೀನು ಏನೇನು ಹೇಳಿದೆ ಅಂತ ನಿನಗೇ ನೆನಪಿದೆಯೋ ಇಲ್ಲವೋ. ನನಗೆ ಪ್ರತಿ ಅಕ್ಷರ ನೆನಪಿದೆ. ಸಂಬಳದ್ದೂ ರಿಟರ್ನ್ಸಿನದ್ದೂ ನೀನು ಹೇಳಿ ಮುಗಿಸಿದ ಮೇಲೆ ನಿಮ್ಮಣ್ಣನ ವಕೀಲರು ಎದ್ದು, "ದಾಖಲೆ ತಂದಿದ್ದೀರಾ?" ಅಂದರು.

"ಇಲ್ಲ. ದಾಖಲೆ ಗಿರಾಕಿಯದು. ನಾನು ತಂದಿರೋದು ನನ್ನ ತಪ್ಪು ಮಾತ್ರ."

"ಆಸ್ತಿ ವಿಷಯಕ್ಕೆ ಅಣ್ಣನ ಮೇಲೆ ದ್ವೇಷ ಇದೆಯಲ್ಲ?"

"ದ್ವೇಷ ಇಲ್ಲ ಸಾರ್. ನನ್ನ ಗಂಡನ ಆಪರೇಷನ್ ಮಾಡಿಸಿದವನು ಅವನೇ."

"ಹಾಗಾದರೆ ೨೦೨೧ರಲ್ಲಿ ಪಂಚಾಯಿತಿಯಲ್ಲಿ ಸುಳ್ಳು ಹೇಳಿದ್ರಾ?"

"ಸುಳ್ಳು ಹೇಳಲಿಲ್ಲ. ಸುಮ್ಮನಿದ್ದೆ. ಎರಡೂ ಒಂದೇ."

ನೀನು ಕಟಕಟೆಯ ಮರ ಹಿಡಿದುಕೊಂಡೇ ನಿಂತಿದ್ದೆ. ದನಿ ನಡುಗಲಿಲ್ಲ. ನಿಮ್ಮಣ್ಣ ನೆಲ ನೋಡ್ತಿದ್ದರು. ನಾನು ನಿನ್ನನ್ನೇ ನೋಡ್ತಿದ್ದೆ. ನೀನು ನನ್ನ ಕಡೆ ತಿರುಗಲಿಲ್ಲ.

ನೀನು ಹೋದ ಮೇಲೆ ಜಡ್ಜ್ ಮೇಡಂ ನಿಮ್ಮಣ್ಣನನ್ನು ನಿಲ್ಲಿಸಿ ನೇರವಾಗಿ ಕೇಳಿದರು. "ಈ ವರ್ಷ ಟ್ಯಾಕ್ಸ್ ಕಟ್ಟಿದ್ದೀರೋ ಇಲ್ಲವೋ?" ಅವರು ತಮ್ಮ ವಕೀಲರ ಕಡೆ ನೋಡಿದರು. ಆಮೇಲೆ "ಕಂಪನಿಯವರೇ ಹಿಡ್ಕೋತಾರೆ ಮೇಡಂ" ಅಂದರು. ಹನ್ನೆರಡು ಸಾವಿರದಲ್ಲಿ ಯಾವ ಕಂಪನಿ ಹಿಡಿಯುತ್ತೆ ಅಂತ ಅಲ್ಲಿದ್ದವರಿಗೆಲ್ಲ ಗೊತ್ತಾಯಿತು. ಐದು ವರ್ಷದ ರಿಟರ್ನ್ಸೂ ಸಂಬಳದ ಚೀಟಿಯೂ ತಂದು ಹಾಕಿ ಅಂತ ಆರ್ಡರ್ ಆಗಿದೆ.

ಹೊರಗೆ ಬೆಂಚಿನ ಮೇಲೆ ಒಬ್ಬರು ಕೂತಿದ್ದರು. ಶ್ರೀನಿವಾಸಪುರದ ಕಡೆಯ ಅಂಜಮ್ಮ. ಗಂಡ ಮಾವಿನಕಾಯಿ ವ್ಯಾಪಾರಿ, ಆರು ವರ್ಷದ ಹಿಂದೆ ಆಂಧ್ರದ ಕಡೆ ಹೋದವನು ಬಂದಿಲ್ಲ. ಆದರೆ ಅವನ ಜಿಎಸ್‌ಟಿ ನಂಬರ್ ಇನ್ನೂ ಬದುಕಿದೆ. ಅದಕ್ಕೇ ಅವರಿಗೂ ಗೃಹಲಕ್ಷ್ಮಿ ದುಡ್ಡು ಬರಲ್ಲ. "ಮನುಷ್ಯ ಕಾಣೆಯಾದರೂ ನಂಬರ್ ಕಾಣೆಯಾಗಲ್ಲ ಕಣಮ್ಮ" ಅಂದರು. ಅವರಿಗೂ ಹಿಂಬರಹ ಬರೆಸಿಕೊಳ್ಳೋದು ಹೇಳಿಕೊಟ್ಟೆ.

ಊಟ ಮಾಡಿದೆಯಾ ಅವತ್ತು? ಮುಖ ಬಾಡಿತ್ತು.

ವಾಣಿ


ಕ್ಯಾಲನೂರು
೨೪ ಫೆಬ್ರವರಿ ೨೦೨೫

ಲೇ ಪವಿತ್ರ,

ಆರ್ಡರ್ ಆಯಿತು. ಮೂವರಿಗೂ ಸೇರಿ ತಿಂಗಳಿಗೆ ಹದಿನಾರು ಸಾವಿರ, ಕೇಸು ಹಾಕಿದ ದಿನದಿಂದ ಲೆಕ್ಕ. ಸಂಬಳದಲ್ಲೇ ಹಿಡಿದು ಕಳಿಸೋ ಹಾಗೆ ಬರೆದಿದ್ದಾರೆ. ಮೊದಲನೇ ಕಂತು ಬಂತು. ಮಕ್ಕಳಿಗೆ ಏನು ಬೇಕು ಅಂದೆ. ಶ್ರುತಿ ಸೈಕಲ್ ಅಂದಳು. ಶಿವಾನಿ ಹತ್ತಿರ ಬಂದು, "ಅಪ್ಪ ತಾನಾಗೇ ಕೊಟ್ಟಿದ್ದಾ, ಕೊಡಿಸಿದ್ದಾ?" ಅಂದಳು. ಕೊಡಿಸಿದ್ದು ಅಂದೆ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಹಾಗಾದರೆ ನಾನು ಓದ್ತೀನಿ, ಕೊಡಿಸೋ ಕೆಲಸ ಯಾವುದೋ ಅದನ್ನೇ" ಅಂದಳು.

ಈಗ ಇನ್ನೊಂದು ವಿಷಯ. ಹೋದ ವಾರ ಕೋಲಾರದಲ್ಲಿ ಅಹವಾಲು ಕೇಳೋ ಸಭೆ ಇತ್ತು. ನಾನೂ ಅಂಜಮ್ಮನವರೂ ಹೋದೆವು. ನಾವಿಬ್ಬರೇ ಅಲ್ಲ. ಒಬ್ಬರ ಬಾಯಿಂದ ಒಬ್ಬರಿಗೆ ಹೋಗಿ, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಲ್ಲ ಕಡೆಯಿಂದ ಮೂವತ್ತೊಂದು ಜನ ಆಗಿದ್ದೆವು. ಎಲ್ಲರದೂ ಒಂದೇ. ಮನೆಯಲ್ಲಿ ಗಂಡ ಇಲ್ಲ, ಕಂಪ್ಯೂಟರಿನಲ್ಲಿ ಇದ್ದಾನೆ.

ನನ್ನನ್ನೇ ಮಾತಾಡು ಅಂದರು. ಎದ್ದು ನಿಂತೆ. "ಸಾರ್, ಟ್ಯಾಕ್ಸ್ ಯಾರು ಕಟ್ತಾರೆ ಅಂತ ನೋಡ್ತೀರಿ. ಮಕ್ಕಳಿಗೆ ಉಣ್ಣಕ್ಕೆ ಯಾರು ಇಕ್ತಾರೆ ಅಂತ ನೋಡಲ್ಲ. ಅಪ್ಪ ಮಕ್ಕಳ ಹೆಸರು ತೋರಿಸಿ ಟ್ಯಾಕ್ಸ್ ಉಳಿಸ್ಕೋಬಹುದು, ಆ ಮಕ್ಕಳು ಅವನ ಮನೇಲಿ ಇದಾರಾ ಅಂತ ಯಾರೂ ಕೇಳಲ್ಲ. ನಿಮ್ಮ ಅರ್ಜಿ ಫಾರಂನಲ್ಲಿ ಒಂದು ಗೆರೆ ಜಾಸ್ತಿ ಮಾಡಿ. ಮಕ್ಕಳು ಯಾರ ಜೊತೆ ಇದಾರೆ ಅಂತ. ಅನುಕೂಲ ಆ ಮನೆಗೆ ಹೋಗಲಿ" ಅಂದೆ.

ಹಿಂದಿನಿಂದ ಯಾರೋ, "ನಿನಗೆ ಕೋರ್ಟಿನಿಂದ ಬರ್ತದಲ್ಲಮ್ಮ, ಇನ್ನೂ ಯಾಕೆ?" ಅಂದರು. ತಿರುಗಿ, "ನನ್ನ ಹೆಸರು ಬೇಕಾದರೆ ಪಟ್ಟಿಯಿಂದ ತೆಗೀರಿ. ನಿಯಮ ತೆಗೆಯೋವರೆಗೂ ನಾನು ಹೋಗಲ್ಲ" ಅಂದೆ. ಮೂವತ್ತು ಜನ ಚಪ್ಪಾಳೆ ಹೊಡೆದರು.

ಅಧಿಕಾರಿ ಸಮಾಧಾನವಾಗಿ, "ಇದು ನಮ್ಮ ಕೈಯಲ್ಲಿಲ್ಲಮ್ಮ, ಮೇಲಿಂದ ಬದಲಾಗಬೇಕು" ಅಂದರು.

"ಮೇಲೆ ಅಂದರೆ ಎಲ್ಲಿ ಸಾರ್? ಎಷ್ಟು ಗಂಟೆಗೆ ತೆಗೀತಾರೆ?" ಅಂತ ಅಂಜಮ್ಮ ಕೇಳಿದರು. ಇಡೀ ಸಭೆ ನಕ್ಕಿತು. ಅವರು ತಮಾಷೆಗೆ ಕೇಳಿರಲಿಲ್ಲ. ವಿಳಾಸ ಬರೆಸಿಕೊಂಡೇ ಬಂದರು.

ಬರೋ ಸೋಮವಾರ ಬೆಂಗಳೂರಿಗೆ ಹೊರಟಿದ್ದೀವಿ. ಮನವಿ ಬರೆಯಬೇಕು. ನನಗೆ ಜಗಳದ ಕನ್ನಡ ಬರುತ್ತೆ, ಟ್ಯಾಕ್ಸಿನ ಕನ್ನಡ ಬರಲ್ಲ. ಯಾವ ಕಲಮಿನಲ್ಲಿ ಏನಿದೆ, ಎಲ್ಲಿ ಒಂದು ಗೆರೆ ಸೇರಿಸಿದರೆ ಆಗುತ್ತೆ, ಅದು ನಿನಗೆ ಗೊತ್ತು. ಬರೆದುಕೊಂಡು ಬಾ. ಕೋಲಾರ ಬಸ್ ಸ್ಟ್ಯಾಂಡಿನಲ್ಲಿ ಬೆಳಗ್ಗೆ ಏಳು ಗಂಟೆ.

ನಿಜ ಹೇಳ್ತೀನಿ. ನನ್ನ ಮನಸ್ಸು ಇನ್ನೂ ಪೂರ್ತಿ ತಿಳಿಯಾಗಿಲ್ಲ. ಆಗುತ್ತೋ ಇಲ್ಲವೋ ಗೊತ್ತಿಲ್ಲ. ನಿನ್ನ ಪಕ್ಕದಲ್ಲೇ ಕೂರ್ತೀನಿ ಅಂತ ಮಾತು ಕೊಡಲ್ಲ. ಆದರೆ ನೀನು ಹತ್ತೋವರೆಗೂ ಬಸ್ ಬಿಡೋಕೆ ಬಿಡಲ್ಲ.

ವಾಣಿ